ಯಾರ ಒಪ್ಪಿಗೆ? ಶರಾವತಿ ಕಣಿವೆಯ ಒಂದು ಹಳೇ ಲೆಕ್ಕ

"ಯೋಜನೆಗೆ ಜನ ಒಪ್ಪಿದ್ದಾರೆ." ದೊಡ್ಡ ಯೋಜನೆ ಬಂದಾಗೆಲ್ಲ ಕಿವಿಗೆ ಬೀಳೋ ಮಾತಿದು. ಜನ ಅಂದ್ರೆ ಯಾರು ಅಂತ ಕೇಳೋದನ್ನ ನಾವು ಮರೀತೀವಿ. ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಇಷ್ಟೆಲ್ಲ ವಾದ ನಡೆದಿರೋವಾಗ ಅದೇ ಕಣಿವೆಯ ಹಳೇ ಪುಟ ಒಂದ್ಸಲ ತೆಗೆದು ನೋಡೋಣ.

1951, ಸಾಗರ ತಾಲ್ಲೂಕಿನ ಕಾಗೋಡು. ಗೇಣಿ ರೈತರು, ಬಹುಪಾಲು ದೀವರು, ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಕೂಗಿಗೆ ಕಾನೂನಿನ ಗಟ್ಟಿ ಉತ್ತರ ಸಿಕ್ಕಿದ್ದು 1974ರ ಮಾರ್ಚ್ 1ರಂದು, ಭೂಸುಧಾರಣಾ ತಿದ್ದುಪಡಿ ಜಾರಿಯಾದಾಗ. ಆದರೆ ಅದೇ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹತ್ತು ವರ್ಷದ ಈ ಅಂತರ ಗಮನಿಸಿ. ಉಳುವವನು ಒಡೆಯನಾಗೋ ಮೊದಲೇ ಅವನು ಉಳುತ್ತಿದ್ದ ಗದ್ದೆ ನೀರಿನಡಿ ಹೋಗಿತ್ತು.

ಗೇಣಿದಾರನ ಪಾಡೇ ಹೀಗಾದರೆ ಅವನಿಗಿಂತ ಕೆಳಗಿದ್ದ ಕೂಲಿಯವರದ್ದು? ಭೂಸ್ವಾಧೀನಕ್ಕೆ ಆಗ ಇದ್ದದ್ದು 1894ರ ಕಾಲದ ಕಾಯ್ದೆ. ಅದು ಯಾರ ಒಪ್ಪಿಗೆಯನ್ನೂ ಕೇಳ್ತಿರಲಿಲ್ಲ. ಜಮೀನಿನ ಮೇಲೆ, ಪರಿಹಾರದ ಮೇಲೆ ಹಕ್ಕು ತೋರಿಸಬಲ್ಲವರ ತಕರಾರಿಗಷ್ಟೇ ಅಲ್ಲಿ ಜಾಗ. ಗದ್ದೆ ಮುಳುಗಿದರೆ ಮಾಲೀಕನಿಗೆ ಪರಿಹಾರ. ಅದೇ ಗದ್ದೆಯ ಕೂಲಿ, ಕಾಡಿನ ಸೌದೆ, ಹೊಳೆಯ ಮೀನು ಕಳಕೊಂಡವರಿಗೆ? ನಮ್ಮವರನ್ನ ನೆಲದಿಂದ ದೂರ ಇಟ್ಟದ್ದು ಜಾತಿ. ನೆಲ ಇಲ್ಲ ಅಂತ ಲೆಕ್ಕದಿಂದ ಹೊರಗಿಟ್ಟದ್ದು ಕಾನೂನು.

ಹಾಗಂತ ನಾವು ಅಣೆಕಟ್ಟೇ ಬೇಡ ಅನ್ನೋರಾ? ಅಲ್ಲ. 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ದಾಮೋದರ ಕಣಿವೆ ಯೋಜನೆಗೆ ತಳಪಾಯ ಹಾಕಿದವರಲ್ಲಿ ಒಬ್ಬರು. ಅದೇ ಬಾಬಾಸಾಹೇಬರು 1947ರಲ್ಲಿ ಕೃಷಿಭೂಮಿ ಸರ್ಕಾರದ ಸ್ವತ್ತಾಗಬೇಕು, ಜಾತಿ ನೋಡದೆ ಸಾಗುವಳಿಗೆ ಕೊಡಬೇಕು, ಜಮೀನ್ದಾರನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು ಅಂತ ಬರೆದರು. ದೇಶ ಅವರ ಅಣೆಕಟ್ಟನ್ನ ತಗೊಂಡಿತು, ಭೂಮಿಯ ಮಾತನ್ನ ಬಿಟ್ಟಿತು. ಇವತ್ತಿನ ಸಮಸ್ಯೆಯ ಬೇರು ಅಲ್ಲಿದೆ.

2013ರಲ್ಲಿ ಹೊಸ ಕಾಯ್ದೆ ಬಂತು. ಭೂಹೀನ ಕೃಷಿ ಕೂಲಿಗಳನ್ನೂ ಅದು 'ಬಾಧಿತ ಕುಟುಂಬ' ಅಂತ ಗುರುತಿಸಿತು. ಇದು ದೊಡ್ಡ ಗೆಲುವೇ. ಆದರೆ ಒಳಗಿನ ಸೆಕ್ಷನ್ ಓದಿ. ಖಾಸಗಿ ಕಂಪನಿಗಾದರೆ ಶೇ. 80, ಪಾಲುದಾರಿಕೆ ಯೋಜನೆಗಾದರೆ ಶೇ. 70 ಒಪ್ಪಿಗೆ ಬೇಕು ಅನ್ನುತ್ತಲ್ಲ, ಆ ಲೆಕ್ಕಕ್ಕೆ ಬರೋದು ಜಮೀನು, ಸ್ಥಿರಾಸ್ತಿ ಕಳಕೊಳ್ಳೋರು ಮತ್ತು ಸರ್ಕಾರದಿಂದ ಜಮೀನು ಮಂಜೂರಾದವರು ಮಾತ್ರ. ಕೂಲಿಯವರು ಬಾಧಿತರು ಹೌದು, ಒಪ್ಪಿಗೆ ಕೊಡೋರು ಅಲ್ಲ! ಇನ್ನು ಸರ್ಕಾರವೇ ಮಾಡೋ ಯೋಜನೆಗೆ ಈ ಒಪ್ಪಿಗೆಯ ಷರತ್ತೇ ಇಲ್ಲ. ಪರಿಸರ ಅನುಮತಿಗಾಗಿ ನಡೆಯೋ ಸಾರ್ವಜನಿಕ ಅಹವಾಲು ಸಭೆಯಲ್ಲಿ ಮಾತು ದಾಖಲಾಗುತ್ತೆ, ಅಲ್ಲಿ ಮತ ಎಣಿಸಲ್ಲ.

ಲಿಂಗನಮಕ್ಕಿಯಲ್ಲಿ ಮುಳುಗಡೆಯಾದ ಎಷ್ಟೋ ಕುಟುಂಬಗಳು ಆರು ದಶಕ ಕಳೆದರೂ ಹಕ್ಕುಪತ್ರಕ್ಕೆ ಅಲೀತಿವೆ. ಸಿಂಗಳೀಕದ ಕಾಡು ಉಳೀಬೇಕು, ಅದರ ಪರ ನಿಲ್ಲೋಣ. ಜೊತೆಗೆ, ಮುಂದಿನ ಸಲ ಯಾರಾದರೂ "ಜನ ಒಪ್ಪಿದ್ದಾರೆ" ಅಂದರೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳೋಣ: ಪಹಣಿ ಇಲ್ಲದವರನ್ನ ಕೇಳಿದಿರಾ?

ಜೈ ಭೀಮ್.