ಕಾರ್ ಎಂಜಿನ್ ಓವರ್‌ಹೀಟ್ ಆಗೋದೇಕೆ? ಘಾಟ್‌ನಲ್ಲಿ ರೇಡಿಯೇಟರ್ ಕೈಕೊಟ್ಟರೆ ತಕ್ಷಣ ಏನು ಮಾಡಬೇಕು?

ಬೇಸಿಗೆ ರಜೆ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈನಿಂದ ಸ್ವಂತ ಕಾರಿನಲ್ಲಿ ಊರಿಗೆ ಹೊರಡುವ ಕನ್ನಡಿಗರ ಸಂಖ್ಯೆ ದೊಡ್ಡದು. ಪುಣೆಯಿಂದ ಸತಾರಾ ಕಡೆಗೆ ಬರುವಾಗ ಸಿಗುವ ಖಂಬಾಟ್ಕಿ ಘಾಟ್ ಆಗಲಿ, ಕರಾವಳಿಯಿಂದ ಸಕಲೇಶಪುರಕ್ಕೆ ಹತ್ತುವ ಶಿರಾಡಿ ಘಾಟ್ ಆಗಲಿ, ರಸ್ತೆ ಬದಿಯಲ್ಲಿ ಬಾನೆಟ್ ತೆರೆದು ನಿಂತ ಕಾರುಗಳನ್ನು ನೀವೂ ನೋಡಿರುತ್ತೀರಿ. ಕಾರಿನ ತುಂಬ ಜನ, ಡಿಕ್ಕಿ ತುಂಬ ಲಗೇಜ್, ಫುಲ್ ಎಸಿ, ಎರಡನೇ ಗೇರ್‌ನಲ್ಲಿ ತೆವಳುವ ಟ್ರಾಫಿಕ್. ಇಷ್ಟಾದರೆ ಎಂಜಿನ್ ಬಿಸಿಯಾಗದೆ ಇರುತ್ತದೆಯೇ ಎಂದು ಕೇಳಬಹುದು.

ಆದರೆ ಸರಿಯಾಗಿರುವ ಕಾರು ಇದನ್ನೆಲ್ಲ ತಡೆದುಕೊಳ್ಳುವಂತೆಯೇ ತಯಾರಾಗಿರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಘಾಟ್ ಬರೀ ನೆಪ. ಸಮಸ್ಯೆ ವಾರಗಳ ಹಿಂದೆಯೇ ಶುರುವಾಗಿರುತ್ತದೆ. ಇನ್ನೊಂದು ಮಾತು: ಎಂಜಿನ್ ಬಿಸಿಯಾಗಿದ್ದಕ್ಕಿಂತ, ಬಿಸಿಯಾದ ಮೇಲೂ ಓಡಿಸಿದ್ದರಿಂದ ಆಗುವ ನಷ್ಟವೇ ದೊಡ್ಡದು.

ಎಂಜಿನ್ ತಂಪಾಗಿರುವುದು ಹೇಗೆ?

ಪೆಟ್ರೋಲ್ ಅಥವಾ ಡೀಸೆಲ್ ಸುಡುವಾಗ ಸಿಲಿಂಡರ್ ಒಳಗಿನ ಉಷ್ಣಾಂಶ ಕ್ಷಣಮಾತ್ರಕ್ಕೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂಧನದಿಂದ ಬರುವ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಶಾಖವಾಗಿ ಕೂಲಂಟ್‌ಗೆ ಸೇರುತ್ತದೆ. ವಾಟರ್ ಪಂಪ್ ಈ ಬಿಸಿ ಕೂಲಂಟನ್ನು ರೇಡಿಯೇಟರ್‌ಗೆ ತಳ್ಳುತ್ತದೆ. ಅಲ್ಲಿ ಸಣ್ಣ ಕೊಳವೆಗಳಲ್ಲಿ ಹರಿಯುವಾಗ ಎದುರಿನ ಗಾಳಿಗೆ ತಣ್ಣಗಾಗಿ ಮತ್ತೆ ಎಂಜಿನ್‌ಗೆ ಬರುತ್ತದೆ. ಕಾರು ನಿಂತಾಗ ಅಥವಾ ನಿಧಾನಕ್ಕೆ ಹೋಗುವಾಗ ಗಾಳಿ ಸಾಲುವುದಿಲ್ಲ, ಆಗ ಫ್ಯಾನ್ ತಿರುಗುತ್ತದೆ.

ನಡುವೆ ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವ್ ಇರುತ್ತದೆ. ಕೂಲಂಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ತಲುಪಿದಾಗ ಇದು ತೆರೆದುಕೊಂಡು ರೇಡಿಯೇಟರ್‌ಗೆ ದಾರಿ ಬಿಡುತ್ತದೆ. ರೇಡಿಯೇಟರ್ ಕ್ಯಾಪ್ ಕೂಡ ಬರೀ ಮುಚ್ಚಳವಲ್ಲ. ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಕುಕ್ಕರ್‌ನಂತೆ ಒತ್ತಡ ಹೆಚ್ಚಿದಾಗ ಕುದಿಯುವ ಬಿಂದುವೂ ಏರುತ್ತದೆ. 100 ಡಿಗ್ರಿಗೆ ಕುದಿಯುವ ನೀರು ಸುಮಾರು 1 ಬಾರ್ ಒತ್ತಡದ ಕ್ಯಾಪ್ ಇದ್ದರೆ 120 ಡಿಗ್ರಿವರೆಗೂ ಕುದಿಯುವುದಿಲ್ಲ. ಹಾಗಾಗಿ ಕ್ಯಾಪ್‌ನ ರಬ್ಬರ್ ಸವೆದರೂ ಕಾರು ಓವರ್‌ಹೀಟ್ ಆಗಬಹುದು.

ಯಾವಾಗ ಬಿಸಿಯಾಗುತ್ತದೆ? ಅದೇ ಮೊದಲ ಸುಳಿವು

ಗ್ಯಾರೇಜ್‌ಗೆ ಹೋದಾಗ 'ಕಾರು ಹೀಟ್ ಆಗ್ತಿದೆ' ಎಂದಷ್ಟೇ ಹೇಳಿದರೆ ಸಾಲದು. ಯಾವಾಗ ಹೀಟ್ ಆಗುತ್ತದೆ ಎಂದು ಹೇಳಿದರೆ ಮೆಕ್ಯಾನಿಕ್ ಕೆಲಸ ಅರ್ಧ ಮುಗಿದಂತೆ.

ಟ್ರಾಫಿಕ್‌ನಲ್ಲಿ ಬಿಸಿ, ಹೈವೇಯಲ್ಲಿ ಸರಿ: ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಹೈವೇ ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿ, ನಿಂತಾಗ ಸರಿ: ರೇಡಿಯೇಟರ್ ಒಳಗೆ ಕಲ್ಮಶ ಕಟ್ಟಿಕೊಂಡಿರಬಹುದು, ಹೊರಗೆ ಧೂಳು, ಹುಳು ಮೆತ್ತಿಕೊಂಡಿರಬಹುದು ಅಥವಾ ಕೂಲಂಟ್ ಕಡಿಮೆ ಇರಬಹುದು.

ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಬಿಸಿ: ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಲುಕಿರಬಹುದು, ವಾಟರ್ ಪಂಪ್ ಕೆಟ್ಟಿರಬಹುದು ಅಥವಾ ಕೂಲಂಟ್ ಖಾಲಿಯಾಗಿರಬಹುದು.

ಹೊರಗೆ ಸೋರಿಕೆ ಇಲ್ಲ, ಆದರೂ ಕೂಲಂಟ್ ಇಳಿಯುತ್ತಿದೆ: ಇದು ಗಂಭೀರ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಕೂಲಂಟ್ ಸಿಲಿಂಡರ್ ಒಳಗೆ ಸೇರಿ ಸೈಲೆನ್ಸರ್‌ನಿಂದ ನಿಲ್ಲದೆ ಬಿಳಿ ಹೊಗೆ ಬರುತ್ತದೆ. ಎಂಜಿನ್ ಆಯಿಲ್‌ಗೆ ಸೇರಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ.

ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಮ್ಯಾಟ್ ಒದ್ದೆ: ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಭಾಗದಲ್ಲಿ ಸೋರಿಕೆ ಇರಬಹುದು.

ಮುಳ್ಳು ಏರಿದರೆ ಏನು ಮಾಡಬೇಕು?

ಟೆಂಪರೇಚರ್ ಮುಳ್ಳು ಮಾಮೂಲಿ ಜಾಗ ಬಿಟ್ಟು ಮೇಲೇರಲು ಶುರುವಾದರೆ ಮೊದಲು ಎಸಿ ಆಫ್ ಮಾಡಿ. ಕಿಟಕಿ ಇಳಿಸಿ, ಹೀಟರ್ ಮತ್ತು ಬ್ಲೋವರ್ ಫುಲ್ ಇಡಿ. ಸೆಕೆಯಲ್ಲಿ ಹೀಟರ್ ಹಾಕುವುದು ವಿಚಿತ್ರ ಎನಿಸಿದರೂ, ಎಂಜಿನ್ ಶಾಖದ ಒಂದು ಪಾಲು ಆ ದಾರಿಯಿಂದ ಹೊರಹೋಗುತ್ತದೆ. ಸುರಕ್ಷಿತ ಜಾಗ ಸಿಗುವವರೆಗೆ ಇದು ನೆರವಾಗಬಹುದು.

ಮುಳ್ಳು ಕೆಂಪು ಗೆರೆ ತಲುಪಿದರೆ, ಕೆಂಪು ದೀಪ ಹೊತ್ತಿದರೆ ಅಥವಾ ಬಾನೆಟ್‌ನಿಂದ ಹಬೆ ಬಂದರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಎಂದುಕೊಳ್ಳಬೇಡಿ. ತಿರುವು ಬಿಟ್ಟು ರಸ್ತೆಯ ಎಡಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹಜಾರ್ಡ್ ಲೈಟ್ ಹಾಕಿ, ಹಿಂದೆ ವಾರ್ನಿಂಗ್ ಟ್ರಯಾಂಗಲ್ ಇಡಿ. ಮಕ್ಕಳು, ಹಿರಿಯರನ್ನು ಇಳಿಸಿ ವಾಹನಗಳಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಸಹಾಯವಾಣಿಗೆ ಕರೆ ಮಾಡಬಹುದು.

ಇತ್ತೀಚಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳೇ ಇರುವುದಿಲ್ಲ, ದೀಪ ಮಾತ್ರ ಇರುತ್ತದೆ. ಅದು ಕೆಂಪಾಗುವ ಹೊತ್ತಿಗೆ ಎಂಜಿನ್ ಆಗಲೇ ಮಿತಿ ದಾಟಿರುತ್ತದೆ. ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್‌ಗೆ ಸರಿಯಾದ ಉಷ್ಣಾಂಶ ಸಿಗದೆಯೂ ಇರಬಹುದು. ಹಾಗಾಗಿ ಸಿಹಿ ವಾಸನೆ ಬಂದರೆ ಅಥವಾ ಎಂಜಿನ್ ಎಳೆತ ಕಡಿಮೆಯಾದರೆ ದೀಪಕ್ಕಾಗಿ ಕಾಯದೆ ನಿಲ್ಲಿಸಿ.

ಕ್ಯಾಪ್ ತೆರೆಯಬೇಡಿ!

ಇದು ಜೀವದ ಪ್ರಶ್ನೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ಕೂಲಂಟ್ ಕ್ಷಣಾರ್ಧದಲ್ಲಿ ಕುದಿದು ಮುಖ, ಕೈಗೆ ಚಿಮ್ಮುತ್ತದೆ. ಹಲವು ಕಾರುಗಳಲ್ಲಿ ಪ್ಲಾಸ್ಟಿಕ್ ಕೂಲಂಟ್ ಟ್ಯಾಂಕ್ ಕೂಡ ಇದೇ ಒತ್ತಡದಲ್ಲಿರುತ್ತದೆ. ಅದರ ಮುಚ್ಚಳವನ್ನೂ ಮುಟ್ಟಬೇಡಿ. ಎಂಜಿನ್ ಆಫ್ ಆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು, ಕೈ ದೂರ ಇರಲಿ.

ಕನಿಷ್ಠ ಅರ್ಧ ಗಂಟೆ ಕಾಯಿರಿ. ಆಗಲೂ ಬಿಸಿ ಇದ್ದರೆ ಇನ್ನಷ್ಟು ಕಾಯಿರಿ. ಪೂರ್ತಿ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ಹಿಂದಿಟ್ಟು, ಕ್ಯಾಪನ್ನು ನಿಧಾನಕ್ಕೆ ತಿರುಗಿಸಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಲೂಬಾರದು. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ನೀರು ಹಾಕಿದ ತಕ್ಷಣ ಕೆಳಗೆ ಸೋರಿದರೆ ಕಾರು ಓಡಿಸುವಂತಿಲ್ಲ, ಟೋ ಮಾಡಿಸುವುದೇ ದಾರಿ.

ಬರೀ ನೀರು ಸಾಕಲ್ಲವೇ?

ತುರ್ತಿಗೆ ಕುಡಿಯುವ ನೀರಿನ ಬಾಟಲಿ ಪರವಾಗಿಲ್ಲ. ಆದರೆ ಅದನ್ನೇ ರೂಢಿ ಮಾಡಿಕೊಂಡರೆ ರೇಡಿಯೇಟರ್ ಹಾಳಾಗುತ್ತದೆ. ಬೋರ್‌ವೆಲ್ ನೀರಿನ ಲವಣ, ಬಿಸಿನೀರಿನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರದಂತೆ, ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಯುವ ಬಿಂದು ಏರಿಸಿದರೆ, ಇತರ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಅಂಗಡಿಯಲ್ಲಿ ರೆಡಿ ಟು ಯೂಸ್ ಮತ್ತು ಕಾನ್ಸನ್ಟ್ರೇಟ್ ಎಂಬ ಎರಡು ಬಗೆ ಸಿಗುತ್ತವೆ. ಕಾನ್ಸನ್ಟ್ರೇಟ್ ಆದರೆ ಕ್ಯಾನ್ ಮೇಲೆ ಬರೆದ ಪ್ರಮಾಣದಲ್ಲಿ, ಸಾಮಾನ್ಯವಾಗಿ 50:50, ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. ಕಾರಿನ ಮ್ಯಾನ್ಯುವಲ್ ಹೇಳುವ ಬಗೆಯನ್ನೇ ಹಾಕಿ. ಕೂಲಂಟ್ ಸಿಹಿ ರುಚಿಯ ವಿಷ. ಮಕ್ಕಳು, ನಾಯಿ, ಬೆಕ್ಕುಗಳಿಂದ ದೂರ ಇಡಿ.

ಇನ್ಶೂರೆನ್ಸ್ ಸಿಗುತ್ತದೆಯೇ?

ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಸವೆತ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಮತ್ತು ಅದರ ಮುಂದುವರಿದ ನಷ್ಟಕ್ಕೆ ಪರಿಹಾರ ಇರುವುದಿಲ್ಲ. ಕೆಂಪು ದೀಪ ಕಂಡ ಮೇಲೂ ಓಡಿಸಿ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿದರೆ ಖರ್ಚು ನಿಮ್ಮದೇ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇದ್ದರೂ ಷರತ್ತುಗಳನ್ನು ಓದಿಕೊಳ್ಳಿ. ಹೋಸ್ ಪೈಪ್ ಅಥವಾ ಕ್ಯಾಪ್ ಬದಲಿಸುವುದು ಸಣ್ಣ ಕೆಲಸ. ಹೆಡ್ ಇಳಿಸುವ ಕೆಲಸ ಬಂದರೆ ಬಿಲ್ ಹತ್ತಾರು ಸಾವಿರಕ್ಕೆ ಏರುತ್ತದೆ.

ಹೊರಡುವ ಮುನ್ನ 5 ನಿಮಿಷ

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಟ್ಯಾಂಕ್‌ನಲ್ಲಿ ಮಟ್ಟ ಮಿನಿಮಮ್ ಮತ್ತು ಮ್ಯಾಕ್ಸಿಮಮ್ ಗೆರೆಗಳ ನಡುವೆ ಇದೆಯೇ ನೋಡಿ. ಹೋಸ್ ಪೈಪ್ ಒತ್ತಿ ನೋಡಿ, ಬಿರುಕು ಅಥವಾ ಉಬ್ಬು ಇರಬಾರದು. ಕಾರು ನಿಂತ ಜಾಗದಲ್ಲಿ ಬಣ್ಣದ ಹನಿಗಳಿವೆಯೇ ಗಮನಿಸಿ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತಿದೆಯೇ ಕೇಳಿಸಿಕೊಳ್ಳಿ.

ಮುಖ್ಯವಾಗಿ, ಕೂಲಂಟ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಟಾಪ್ ಅಪ್ ಮಾಡಿ ಸುಮ್ಮನಾಗಬೇಡಿ. ಅದು ಎಲ್ಲೋ ಸೋರುತ್ತಿದೆ. ಆ ಜಾಗವನ್ನು ಊರಿಗೆ ಹೊರಡುವ ಮೊದಲೇ ಗ್ಯಾರೇಜ್‌ನಲ್ಲಿ ಹುಡುಕಿಸಿ.