ತೆಪ್ಪದ ಮೇಲೊಂದು ರೇಡಿಯೋ

ನಾನು ಹುಡುಗನಾಗಿದ್ದಾಗ, ಮಳೆಗಾಲದಲ್ಲಿ ಮನೆಯ ರೇಡಿಯೋ ಗೊರಗುಟ್ಟಿತೆಂದರೆ ನಮ್ಮ ತಂದೆಯವರು ಏರಿಯಲ್ ತಂತಿಯನ್ನು ನೋಡಲು ಮಾಡು ಹತ್ತುತ್ತಿದ್ದರು. ನೆಲದ ಮೇಲೆ ನಿಂತ ಮನೆಗೇ ಈ ಪಾಡಾದರೆ, ಅಲೆಯ ಮೇಲೆ ತೇಲುವ ಮನೆಗೆ ಎಂಥ ರೇಡಿಯೋ ಹೊಂದೀತು? 1947ರಲ್ಲಿ ಆರು ಜನ ಈ ಪ್ರಶ್ನೆಗೆ ಪ್ರಾಣವನ್ನು ಪಣವಿಟ್ಟು ಉತ್ತರ ಹುಡುಕಬೇಕಾಯಿತು.

ನಾರ್ವೆ ದೇಶದ ಥಾರ್ ಹೆಯರ್ಡಾಲ್ ಎಂಬುವರಿಗೆ, ಪಾಲಿನೇಷ್ಯಾದ ದ್ವೀಪಗಳಿಗೆ ಹಿಂದೆ ದಕ್ಷಿಣ ಅಮೆರಿಕದ ಜನ ತೆಪ್ಪಗಳಲ್ಲಿ ಹೋಗಿ ನೆಲೆಸಿದ್ದರೆಂಬ ಒಂದು ವಾದವಿತ್ತು. ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಅಲ್ಲಿಯ ಜನರ ಮೂಲ ಏಷ್ಯಾದ ಕಡೆಯದೆಂಬುದೇ ಇಂದಿಗೂ ನಿಂತಿರುವ ಮಾತು. ವಾದ ಹೇಗೇ ಇರಲಿ, ಸಾಹಸವನ್ನು ಮೆಚ್ಚಲೇಬೇಕು. ಒಂಬತ್ತು ಬಾಲ್ಸಾ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು, ಮೇಲೊಂದು ಬಿದಿರಿನ ಗುಡಿಸಲು ಕಟ್ಟಿ, 'ಕಾನ್-ಟಿಕಿ' ಎಂದು ಹೆಸರಿಟ್ಟು, ಏಪ್ರಿಲ್ 28ರಂದು ಪೆರು ದೇಶದ ಕಯಾವೊ ಬಂದರಿನಿಂದ ಅವರು ಹೊರಟರು. ತೆಪ್ಪಕ್ಕೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆದರೆ ಗುಡಿಸಲಿನ ಮೂಲೆಯಲ್ಲಿ ಒಂದು ರೇಡಿಯೋ ನಿಲಯವಿತ್ತು.

ಅದನ್ನು ನೋಡಿಕೊಳ್ಳಲು ಬಂದ ಇಬ್ಬರೂ ಮಹಾಯುದ್ಧದಲ್ಲಿ ಪಳಗಿದವರು. ಕ್ನುಟ್ ಹಾಗ್‌ಲ್ಯಾಂಡ್, ವೆಮೋರ್ಕ್‌ನಲ್ಲಿದ್ದ ಜರ್ಮನರ ಭಾರಜಲದ ಕಾರ್ಖಾನೆಯನ್ನು 1943ರಲ್ಲಿ ಕೆಡಿಸಿದ ಕಾರ್ಯದಲ್ಲಿ ಪಾಲುಗೊಂಡವರು. ಟಾರ್‌ಸ್ಟೈನ್ ರಾಬಿ, ತಿರ್ಪಿಟ್ಸ್ ಎಂಬ ಯುದ್ಧನೌಕೆಯ ಬಳಿಯೇ ಅಡಗಿದ್ದು ಇಂಗ್ಲೆಂಡಿಗೆ ಸುದ್ದಿ ಕಳುಹಿಸುತ್ತಿದ್ದವರು. ಇಂಥವರು ತೆಪ್ಪಕ್ಕೆ ಒಂದು ಭಾರಿ ಯಂತ್ರವನ್ನು ಆರಿಸಲಿಲ್ಲ. ನೀರು ನುಗ್ಗದಂತೆ ಮುಚ್ಚಿದ ಮೂರು ಪುಟ್ಟ ಪ್ರೇಷಕಯಂತ್ರಗಳನ್ನು ಒಯ್ದರು: 40 ಮತ್ತು 20 ಮೀಟರುಗಳಿಗೆ ಒಂದು, 10ಕ್ಕೆ ಒಂದು, 6ಕ್ಕೆ ಒಂದು. ಆಕಾಶದ ಎತ್ತರದಲ್ಲಿರುವ ವಿದ್ಯುತ್ ಪದರ ಹಗಲಿಗೊಂದು ರಾತ್ರಿಗೊಂದು ಬಗೆಯಾಗಿ ಅಲೆಗಳನ್ನು ಹಿಂದಿರುಗಿಸುವುದರಿಂದ ಒಂದೇ ತರಂಗವನ್ನು ನಂಬಿ ಕೂಡಲಾಗದು. ಒಂದೊಂದರ ಶಕ್ತಿ ಸುಮಾರು 6 ವಾಟ್, ಎಂದರೆ ಒಂದು ಸಣ್ಣ ಟಾರ್ಚಿನಷ್ಟು. ಬ್ಯಾಟರಿಗಳ ಜೊತೆಗೆ, ಅವು ಕೈಕೊಟ್ಟರೆ ಇರಲೆಂದು ಕೈಯಿಂದ ತಿರುಗಿಸುವ ಡೈನಮೋ ಇತ್ತು. ನಿಲಯಕ್ಕೆ ಎಲ್‌ಐ2ಬಿ ಎಂಬ ಸಂಕೇತನಾಮ.

ಮೊದಲೆರಡು ವಾರ ಯಾರಿಗೂ ಇವರ ಕೂಗು ಕೇಳಲಿಲ್ಲ. ಏರಿಯಲ್ಲನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದರೆ ಗಾಳಿ ಅದನ್ನು ಸಮುದ್ರಕ್ಕೆ ಅದ್ದುತ್ತಿತ್ತು. ಬೆಲೂನಿಗೆ ಕಟ್ಟಿದರೆ ಬಿಸಿಲಿಗೆ ಬೆಲೂನು ತೂತಾಗುತ್ತಿತ್ತು. ಸಾಲದ್ದಕ್ಕೆ ಜೊತೆಗಿದ್ದ ಗಿಣಿಯ ಕಾಟ ಬೇರೆ. ದಿಮ್ಮಿಗಳ ಸಂದಿನಿಂದ ಉಪ್ಪುನೀರು ಏರಿ, ಮೋರ್ಸ್ ಕೀಲಿಯನ್ನು ಮುಟ್ಟಿದವರಿಗೆ ವಿದ್ಯುತ್ತಿನ ಹೊಡೆತ ತಪ್ಪುತ್ತಿರಲಿಲ್ಲ.

ಕೊನೆಗೊಂದು ರಾತ್ರಿ ಲಾಸ್ ಏಂಜಲೀಸ್ ನಗರದಿಂದ ಉತ್ತರ ಬಂತು. ಸರ್ಕಾರದ ಠಾಣ್ಯದಿಂದಲ್ಲ, ಹಡಗಿನ ಕಂಪೆನಿಯಿಂದಲೂ ಅಲ್ಲ. ಸ್ವೀಡನ್ನಿನ ಗೆಳೆಯನನ್ನು ಹುಡುಕುತ್ತಿದ್ದ ಒಬ್ಬ ಹವ್ಯಾಸಿಯಿಂದ. ಹವ್ಯಾಸಿ ಎಂದರೆ ಮನೆಯಲ್ಲೇ ಪ್ರೇಷಕಯಂತ್ರವಿಟ್ಟುಕೊಂಡು, ಕಾಸಿನ ಆಸೆಯಿಲ್ಲದೆ, ದೂರದವರೊಡನೆ ಮಾತಾಡುವವನು. (ನಮ್ಮ ಮೈಸೂರಿನ ಆಕಾಶವಾಣಿಯೂ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು.) 'ನಿಮ್ಮ ವಾಸ ಎಲ್ಲಿ?' ಎಂದು ಆತ ವಾಡಿಕೆಯಂತೆ ಕೇಳಿದ. ಪೆಸಿಫಿಕ್ ಸಾಗರದ ತೆಪ್ಪದ ಮೇಲಿನ ಬಿದಿರ ಗುಡಿಸಲು ಎಂಬ ಉತ್ತರವನ್ನು ನಂಬಲು ಆತನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಂದಿನಿಂದ ಆತನೂ ಆತನ ಮಿತ್ರನೊಬ್ಬನೂ ಸರದಿಯಂತೆ ರಾತ್ರಿಯೆಲ್ಲ ಎಚ್ಚರವಿದ್ದು ತೆಪ್ಪದ ದನಿಗೆ ಕಿವಿಗೊಟ್ಟರು. ಹವಾಮಾನದ ವರದಿಗಳು ವಾಷಿಂಗ್ಟನ್ನಿಗೂ, ಕ್ಷೇಮಸಮಾಚಾರ ಊರಿಗೂ ಹೀಗೆ ತಲುಪತೊಡಗಿದವು. ನಡುವೆ ಉಪ್ಪುನೀರಿಗೆ ನಿಲಯ ಮೂಕವಾದಾಗ, ಇವರ ಕಥೆ ಮುಗಿಯಿತೆಂದೇ ಕೇಳುಗರು ಭಾವಿಸಿದ್ದರಂತೆ. ಇಬ್ಬರೂ ಹಗಲುರಾತ್ರಿ ಬೆಸುಗೆ ಹಾಕುತ್ತ ಕುಳಿತು ಅದಕ್ಕೆ ಮರುಜೀವ ಕೊಟ್ಟರು. ಆಗಸ್ಟ್ 3ರಂದು ದೊರೆ ಏಳನೆಯ ಹಾಕನ್‌ರ 75ನೆಯ ಹುಟ್ಟುಹಬ್ಬ. ಆ ಆರು ವಾಟ್ ಯಂತ್ರದ ಶುಭಾಶಯ ಹದಿನಾರು ಸಾವಿರ ಕಿಲೋಮೀಟರು ದೂರದ ಆಸ್ಲೋಗೆ ನೇರವಾಗಿ ಮುಟ್ಟಿ, ದೊರೆಯ ಉತ್ತರವೂ ಬಂತು.

101 ದಿನಗಳ ಮೇಲೆ, ಆಗಸ್ಟ್ 7ರಂದು, ತೆಪ್ಪ ರಾರೋಯಿಯಾದ ಹವಳದ ದಿಬ್ಬಕ್ಕೆ ಅಪ್ಪಳಿಸಿತು. 36 ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಸಹಾಯ ಕೇಳಬೇಕೆಂದು ರಾರೋಟೊಂಗಾ ದ್ವೀಪದ ಹವ್ಯಾಸಿಯೊಬ್ಬನಿಗೆ ಮೊದಲೇ ಹೇಳಿದ್ದರು. ಯಂತ್ರಗಳು ತೊಯ್ದು ತೊಪ್ಪೆಯಾಗಿದ್ದವು. ಬಿಡಿಬಿಡಿಯಾಗಿ ಬಿಚ್ಚಿ ಬಿಸಿಲಿಗೆ ಒಣಗಿಸಿ, ಉಳಿದವರು ಡೈನಮೋ ತಿರುಗಿಸುತ್ತಿರಲು, ಗಡುವು ಮೀರುವ ಮುನ್ನ 'ಎಲ್ಲರೂ ಕ್ಷೇಮ' ಎಂಬ ಸುದ್ದಿ ಹೊರಟಿತು.

ಅದೇ ಯಂತ್ರಕ್ಕೆ ಮತ್ತೊಂದು ಕೆಲಸ ಕಾದಿತ್ತು. ಆ ದ್ವೀಪದ ಹಳ್ಳಿಯಲ್ಲಿ ಹೌಮಾಟಾ ಎಂಬ ಆರು ವರ್ಷದ ಹುಡುಗ ತಲೆಯ ಮೇಲೆದ್ದ ಕೀವುಗಡ್ಡೆಯಿಂದ ಸುಡುವ ಜ್ವರದಲ್ಲಿ ಮಲಗಿದ್ದ. ಇವರ ಪೆಟ್ಟಿಗೆಯಲ್ಲಿ ಪೆನಿಸಿಲಿನ್ ಇತ್ತು. ಮಗುವಿಗೆ ಎಷ್ಟು ಕೊಡಬೇಕೆಂಬುದು ತಿಳಿದಿರಲಿಲ್ಲ. ತಪ್ಪಿದರೆ ಮಗು ಉಳಿಯದು, ಹಳ್ಳಿಯವರಿಗೆ ಮುಖ ತೋರಿಸುವಂತೆಯೂ ಇಲ್ಲ. ತೆಂಗಿನ ಮರಗಳ ನಡುವೆ ಏರಿಯಲ್ ಕಟ್ಟಿ ಲಾಸ್ ಏಂಜಲೀಸಿನ ಗೆಳೆಯರನ್ನು ಕರೆದರು. ಅವರು ಟೆಲಿಫೋನಿನಲ್ಲಿ ವೈದ್ಯರೊಬ್ಬರನ್ನು ಹಿಡಿದು, ರೋಗಲಕ್ಷಣವನ್ನು ಹೇಳಿ, ಕೊಡಬೇಕಾದ ಪ್ರಮಾಣವನ್ನು ಮೋರ್ಸ್ ಸಂಕೇತದಲ್ಲಿ ಕಳುಹಿಸಿದರು. ಆ ಲೆಕ್ಕದಂತೆಯೇ ಔಷಧಿ ಕೊಟ್ಟರು. ಹುಡುಗನ ಜ್ವರ ಇಳಿಯಿತು.