ಕಾರಿನ ಬೆಲ್ಟ್ ರಾಟೆಗಳ ಪರಿಶೀಲನೆ

ನಮ್ಮ ವಿಜ್ಞಾನ ಪಠ್ಯದ ರಾಟೆಯನ್ನೇ ಗ್ಯಾರೇಜಿನವರು ಪುಲ್ಲಿ ಎನ್ನುತ್ತಾರೆ. ಎಂಜಿನ್ನಿನ ಕ್ರ್ಯಾಂಕ್ ರಾಟೆ ತಿರುಗಿದಾಗ ಅದಕ್ಕೆ ತೊಡಿಸಿದ ಬೆಲ್ಟ್ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಮತ್ತು ಅನೇಕ ವಾಹನಗಳಲ್ಲಿ ನೀರಿನ ಪಂಪು, ಪವರ್ ಸ್ಟಿಯರಿಂಗ್ ಪಂಪುಗಳನ್ನೂ ತಿರುಗಿಸುತ್ತದೆ. ಬೆಲ್ಟನ್ನು ಬಿಗಿಯಾಗಿರಿಸಲು ಟೆನ್ಷನರ್, ಅದರ ದಾರಿ ತಿರುಗಿಸಲು ಐಡ್ಲರ್ ಎಂಬ ರಾಟೆಗಳಿವೆ.

ತಾಳವಾಡಿಯ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಇಂತಹ ದಾರಿಯಲ್ಲಿ ಬೆಲ್ಟ್ ಕಳಚಿದರೆ ಪಂಪಿನಿಂದ ನಡೆಯುವ ಸ್ಟಿಯರಿಂಗ್ ಒಮ್ಮೆಲೇ ಭಾರವಾಗುತ್ತದೆ. ಕೆಲವು ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿಗೇ ಜೋಡಣೆಯಾಗಿರುವುದರಿಂದ ಬ್ರೇಕ್ ಪೆಡಲ್ ಕೂಡ ಬಿಗಿಯಾಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ಅರಿತಿರಬೇಕು. ಬೆಲ್ಟ್ ತುಂಡಾದಾಗ ಹೊಸದನ್ನು ಹಾಕಿಸಿ ಸುಮ್ಮನಾಗುವುದು ನಮ್ಮ ರೂಢಿ. ಕೆಟ್ಟ ರಾಟೆ ಉಳಿದಿದ್ದರೆ ಹೊಸ ಬೆಲ್ಟೂ ಬಹುಕಾಲ ಬಾಳದು.

ಪರಿಶೀಲನೆಗೆ ಎಂಜಿನ್ ತಣಿದಿರಬೇಕು, ಕೀಲಿಕೈ ಜೇಬಿನಲ್ಲಿರಬೇಕು. ಬೆಲ್ಟ್ ಯಾವ ರಾಟೆಯ ಮೇಲೆ ಹೇಗೆ ಹಾದಿದೆಯೆಂಬುದನ್ನು ಫೋನಿನಲ್ಲಿ ಚಿತ್ರ ತೆಗೆದಿರಿಸಿಕೊಂಡ ಮೇಲೆಯೇ ಅದನ್ನು ಬಿಚ್ಚಬೇಕು. ಬಳಿಕ ಐಡ್ಲರ್ ಹಾಗೂ ಟೆನ್ಷನರ್ ರಾಟೆಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡೋಣ. ಸದ್ದಿಲ್ಲದೆ, ನಯವಾಗಿ ತಿರುಗಿದರೆ ಸರಿ. ಗರಗರ ಎಂದರೆ ಬೇರಿಂಗ್ ಸವೆದಿದೆ. ತಳ್ಳಿಬಿಟ್ಟ ಮೇಲೆ ಬಹಳ ಹೊತ್ತು ಹಗುರವಾಗಿ ಸುತ್ತುತ್ತಲೇ ಇದ್ದರೆ ಒಳಗಿನ ಗ್ರೀಸ್ ಒಣಗಿದೆ ಎಂದರ್ಥ. ಇದನ್ನು ಒಳ್ಳೆಯ ಲಕ್ಷಣವೆಂದು ಭಾವಿಸುವವರೇ ಹೆಚ್ಚು! ಅಂಚು ಹಿಡಿದು ಅಲುಗಾಡಿಸಿದಾಗ ಓಲಾಡಲೂ ಕೂಡದು. ಈ ಬೇರಿಂಗುಗಳು ಸಾಮಾನ್ಯವಾಗಿ ಮುಚ್ಚಿದ ಬಗೆಯವು. ಹೊರಗಿನಿಂದ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಬದಲಿಸಬೇಕು. ಎಣ್ಣೆ ಬೆಲ್ಟಿಗೆ ತಗಲಿದರೆ ರಬ್ಬರೂ ಹಾಳಾಗುತ್ತದೆ.

ಕ್ರ್ಯಾಂಕ್ ರಾಟೆಯ ಒಳಭಾಗಕ್ಕೂ ಹೊರಬಳೆಗೂ ನಡುವೆ ಅನೇಕ ಕಾರುಗಳಲ್ಲಿ ರಬ್ಬರ್ ಪದರವಿರುತ್ತದೆ. ಅದು ಬಿರುಕುಬಿಟ್ಟು ಉಬ್ಬಿದ್ದರೆ ಹೊರಬಳೆ ಜಾರುವ ಕಾಲ ಹತ್ತಿರವಾಯಿತೆಂದು ತಿಳಿಯಬೇಕು. ರಾಟೆಯ ಗೀರುಗಳಲ್ಲಿ ಸಿಕ್ಕಿಕೊಂಡ ಮಣ್ಣು, ಹರಳುಗಳನ್ನು ಒಣ ಬ್ರಷ್ಷಿನಿಂದ ತೆಗೆದರೆ ಸಾಕು. ಗೀರಿನ ಅಂಚು ಚಕ್ಕೆ ಎದ್ದಿದ್ದರೆ ಆ ರಾಟೆ ಬೆಲ್ಟನ್ನು ಕೊಯ್ಯುತ್ತದೆ.

ಎಂಜಿನ್ ಓಡುವಾಗ ಕೀರಲು ಸದ್ದು ಬರುತ್ತಿದ್ದರೆ ಮೆಕ್ಯಾನಿಕರು ಬೆಲ್ಟಿನ ಗೀರುಳ್ಳ ಬದಿಗೆ ತುಸು ನೀರು ಸಿಂಪಡಿಸಿ ನೋಡುವುದುಂಟು. ಸದ್ದು ಕೆಲಕ್ಷಣ ನಿಂತು ಮರಳಿದರೆ ರಾಟೆಗಳು ಒಂದೇ ನೇರದಲ್ಲಿಲ್ಲ. ಇನ್ನೂ ಹೆಚ್ಚಿದರೆ ಬಿಗಿತ ಸಾಲದು. ಓಡುವ ಬೆಲ್ಟಿನ ಬಳಿಯ ಈ ಪರೀಕ್ಷೆಯನ್ನು ಅವರಿಗೇ ಬಿಡೋಣ. ಮಕ್ಕಳು ದೂರ ನಿಂತು ನೋಡಲಿ.